ಎರಡು ಕಾರ್ಬುರೇಟರಿನ ಉಸಿರು

ಆ ಜಾಹೀರಾತಿನಲ್ಲಿ ಕಾರಿನ ಕುಂದುಗಳೇ ಮೊದಲಿದ್ದವು. ಟ್ಯಾಂಕು ಅರ್ಧಕ್ಕಿಳಿದರೂ ಪೆಟ್ರೋಲ್ ಮುಳ್ಳು ಮುಕ್ಕಾಲು ತೋರಿಸುತ್ತದೆ. ಜೋರು ಮಳೆ ಬಂದರೆ ಎಡಬಾಗಿಲ ಮೇಲಂಚಿನಿಂದ ಹನಿ ಒಳಗಿಳಿಯುತ್ತದೆ. ಇಂಜಿನ್ ತಣ್ಣಗಿರುವಾಗ ಎರಡನೇ ಗೇರು ಬೀಳಲು ತಾಳ್ಮೆ ಬೇಕು. ಇಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ ಕಾರಿನ ಪರಿಚಯ: 1966ರ ಎಂಜಿಬಿ ರೋಡ್‌ಸ್ಟರ್, ಕೆನೆಹಳದಿ ಬಣ್ಣ, ತಂತಿ ಕಡ್ಡಿಗಳ ಚಕ್ರ, ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದು, ಮಾರಾಟಕ್ಕಿದೆ.

ಅಣ್ಣನ ಮಗ ಇಂಗ್ಲೆಂಡಿನ ಡಿಡ್ಕಾಟಿನ ತನ್ನ ಮನೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ ಹೇಳಿದ. "ಮಾರೋರು ಹೀಗೆ ಬರೀತಾರೇನೋ?" ಅಂದೆ. "ಅದಕ್ಕೇ ನೋಡ್ಬೇಕು ಅನ್ನಿಸಿದ್ದು. ನೀವೂ ಬನ್ನಿ ಅತ್ತೆ. ತಾತನ ಅಂಬಾಸಿಡರ್ ಸದ್ದು ನಂಗಿಂತ ನಿಮಗೇ ಚೆನ್ನಾಗಿ ನೆನಪಿರತ್ತೆ" ಅಂದ. ಇಬ್ಬರೇ ಕೂರುವ ಇಂಗ್ಲಿಷರ ಶೋಕಿ ಕಾರಿಗೂ ಅರಸೀಕೆರೆಯ ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದ ಅಪ್ಪನ ಟ್ಯಾಕ್ಸಿಗೂ ಏನು ಸಂಬಂಧವೆಂದು ನನಗೆ ಹೊಳೆಯಲಿಲ್ಲ. ಕೇಳಿದರೆ, "ಬಾನೆಟ್ ಎತ್ತಿದಾಗ ನೀವೇ ಹೇಳಿ" ಅಂದುಬಿಟ್ಟ.

ದಾರಿಯಲ್ಲಿ ಅಬಿಂಗ್ಡನ್ನಿನಲ್ಲಿ ಇಳಿದೆವು. ಥೇಮ್ಸ್ ನದಿಯ ದಡದ ಊರು. ಮಾರುಕಟ್ಟೆಯ ನಡುವೆ ಎತ್ತರದ ಕಂಬಗಳ ಮೇಲೆ ನಿಂತ ಹದಿನೇಳನೇ ಶತಮಾನದ ಕೌಂಟಿ ಹಾಲ್ ಈಗ ವಸ್ತುಸಂಗ್ರಹಾಲಯ. ರಾಜಮನೆತನದ ಪಟ್ಟಾಭಿಷೇಕ, ಮದುವೆಗಳಂಥ ಸಂಭ್ರಮ ಬಂದಾಗ ಊರಿನ ಹಿರಿಯರು ಈ ಕಟ್ಟಡದ ಮಾಳಿಗೆ ಹತ್ತಿ ಕೆಳಗೆ ನೆರೆದ ಜನರತ್ತ ಬನ್ನು ಎಸೆಯುತ್ತಾರಂತೆ. ಹಾಗೆ ಎಸೆದ ಹಳೆಯ ಬನ್ನುಗಳು ಒಣಗಿ ಕಲ್ಲಾಗಿ ಗಾಜಿನ ಪೆಟ್ಟಿಗೆಯೊಳಗಿವೆ. ಅದೇ ಕಟ್ಟಡದಲ್ಲಿ ಇಲ್ಲಿನ ಕಾರ್ಖಾನೆಯಿಂದ ಹೊರಬಂದ ಕೊನೆಯ ಎಂಜಿಬಿಯೂ ಇದೆ.

ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಸೈಕಲ್ ರಿಪೇರಿಯಿಂದ ಬದುಕು ಶುರುಮಾಡಿ ಕಾರಿನ ದೊರೆಯಾದ ವಿಲಿಯಂ ಮಾರಿಸ್ ಆಕ್ಸ್‌ಫರ್ಡಿನಲ್ಲಿ ನಡೆಸುತ್ತಿದ್ದ ಗ್ಯಾರೇಜು ಅದು. 1922ರಲ್ಲಿ ಅದರ ಮೇಲುಸ್ತುವಾರಿಗೆ ಬಂದ ಸೆಸಿಲ್ ಕಿಂಬರ್ ಮಾರಿಸ್ ಕಾರುಗಳಿಗೆ ಹಗುರವಾದ, ಚೆಂದದ ಮೈ ತೊಡಿಸಿ ಮಾರತೊಡಗಿದ. ಬೇಡಿಕೆ ಏರಿ 1929ರಲ್ಲಿ ಕೆಲಸ ಅಬಿಂಗ್ಡನ್ನಿಗೆ ಬಂತು. ಎಂಟು ಮೂಲೆಯ ಆ ಲಾಂಛನಕ್ಕೆ ಜೀವ ಕೊಟ್ಟ ಕಿಂಬರನನ್ನು 1941ರಲ್ಲಿ ಕೆಲಸದಿಂದ ತೆಗೆದರು. ನಾಲ್ಕು ವರ್ಷದ ನಂತರ ಲಂಡನ್ನಿನ ಕಿಂಗ್ಸ್ ಕ್ರಾಸ್ ಬಳಿ ನಡೆದ ರೈಲು ಅಪಘಾತದಲ್ಲಿ ಅವನು ತೀರಿಹೋದ. ಎಂಜಿಬಿಯನ್ನು ಅವನು ಕಾಣಲೇ ಇಲ್ಲ. ಅದು ಬಂದದ್ದು 1962ರಲ್ಲಿ. ಹದಿನೆಂಟು ವರ್ಷದಲ್ಲಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾಗಿ, ಹೆಚ್ಚಿನವು ಹಡಗು ಹತ್ತಿ ಅಮೆರಿಕಕ್ಕೆ ಹೋದವು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಹೆಸರು ಕೈಯಿಂದ ಕೈಗೆ ದಾಟಿ ಈಗ ಚೀನಾದ ಕಂಪನಿಯೊಂದರ ಪಾಲಾಗಿದೆ. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಲ್ಲುವ ದೊಡ್ಡ ಹೆಕ್ಟರ್ ಕಾರುಗಳ ಮೂತಿಯ ಮೇಲೆ ಇರುವುದೂ ಇದೇ ಎಂಟು ಮೂಲೆ.

ಊರಿನ ಒಂದು ಅಂಗಡಿಯಲ್ಲಿ ಅಣ್ಣನ ಮಗ ಬಿಯರ್ ಬಾಟಲಿಯೊಂದನ್ನು ತೋರಿಸಿದ. ಹೆಸರು ಓಲ್ಡ್ ಸ್ಪೆಕಲ್ಡ್ ಹೆನ್. ಎಂಜಿ ಅಬಿಂಗ್ಡನ್ನಿಗೆ ಬಂದು ಐವತ್ತು ವರ್ಷವಾದ ನೆನಪಿಗೆ 1979ರಲ್ಲಿ ಇಲ್ಲಿನ ಮೊರ್ಲ್ಯಾಂಡ್ ಬಿಯರ್ ಕಾರ್ಖಾನೆ ತಯಾರಿಸಿದ್ದು. ಎಂಜಿ ಕಾರ್ಖಾನೆಯ ಕೆಲಸಗಾರರು ಓಡಾಟಕ್ಕೆ ಇಟ್ಟುಕೊಂಡಿದ್ದ ಹಳೆಯ ಕಾರೊಂದಿತ್ತು. ಬಣ್ಣ ಬಳಿಯುವ ಶೆಡ್ಡಿನ ಹೊರಗೆ ನಿಂತು ನಿಂತು ಅದರ ಮೈತುಂಬ ಚುಕ್ಕೆ ಸಿಡಿದಿತ್ತಂತೆ. ಅದರ ಅಡ್ಡಹೆಸರೇ ಬಿಯರಿಗೆ ಬಂತು. ಆ ಸಂಭ್ರಮದ ವರ್ಷವೇ ಎಂಜಿ ಕಾರ್ಖಾನೆ ಮುಚ್ಚುವ ಸುದ್ದಿಯೂ ಹೊರಬಿತ್ತು. ಮೊರ್ಲ್ಯಾಂಡ್ ಕೂಡ ಈಗ ಅಬಿಂಗ್ಡನ್ನಿನಲ್ಲಿಲ್ಲ.

ಅಲ್ಲಿಂದ ಪಡುವಣಕ್ಕೆ ಹೋದ ದಾರಿಯನ್ನು ಎಷ್ಟು ವರ್ಣಿಸಿದರೂ ನನಗೆ ತೃಪ್ತಿಯಾಗದು. ಏಪ್ರಿಲ್ ತಿಂಗಳು. ಒಂದು ಕಡೆ ಉದ್ದಕ್ಕೂ ಮಲಗಿದ ಸುಣ್ಣಕಲ್ಲಿನ ಗುಡ್ಡಸಾಲು, ಅದರ ಬುಡದಲ್ಲಿ ಕಣ್ಣು ಹೋದಷ್ಟು ದೂರ ಬಯಲು. ಎಣ್ಣೆಕಾಳಿನ ಹೊಲಗಳು ಹೂಬಿಟ್ಟು ಉರಿಯುವ ಹಳದಿ. ಬೇಲಿಯ ಬುಡದ ತೇವದ ಮಣ್ಣಲ್ಲಿ ಪ್ರಿಮ್‌ರೋಸ್ ಹೂಗಳು. ಅವುಗಳ ಹಳದಿ ಬೇರೆ, ಬೆಣ್ಣೆ ಕದಡಿದ ಹಾಗೆ ತೆಳು. ಕಾರಿನ ಬಣ್ಣಕ್ಕೆ ಕಾರ್ಖಾನೆಯವರು ಇಟ್ಟ ಹೆಸರೂ ಪೇಲ್ ಪ್ರಿಮ್‌ರೋಸ್. ಆ ಹೂವನ್ನು ನೆಲದ ಮೇಲೆ ಕಂಡ ಮೇಲೆ ನೋಡಿದ್ದರಿಂದಲೋ ಏನೋ, ಹಳ್ಳಿಯ ಮನೆಯ ಅಂಗಳದಲ್ಲಿ ನಿಂತಿದ್ದ ಕಾರು ಆ ನೆಲದಿಂದಲೇ ಎದ್ದು ಬಂದಂತೆ ಕಂಡಿತು.

ಮಾಲೀಕರು ಎತ್ತರದ ಆಳು, ಎಪ್ಪತ್ತೈದು ದಾಟಿರಬೇಕು. ಹೊಲದ ಯಂತ್ರಗಳನ್ನು ರಿಪೇರಿ ಮಾಡಿಕೊಂಡು ಜೀವನ ಕಳೆದವರು. ಸೊಂಟದ ಕೀಲು ಸವೆದು ಕೋಲು ಹಿಡಿದಿದ್ದರು. ಆ ಕಾರಿನ ಸೀಟು ನೆಲಕ್ಕೆ ಅಂಟಿಕೊಂಡಂತೆ ತಗ್ಗು. "ಕೂರಬಲ್ಲೆ. ಏಳಬೇಕಾದರೆ ಇಬ್ಬರು ಬೇಕು" ಅಂದರು. ಮಾರುವ ಕಾರಣ ಅಷ್ಟೇ. ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ.

ಕಾರು ನೋಡುವ ಮೊದಲು ಜ್ಯಾಕು ತಂದರು. ಒಂದು ಮಗ್ಗುಲಿನ ಚಕ್ರ ನೆಲ ಬಿಡುವಷ್ಟು ಎತ್ತಿಸಿ, "ಈಗ ಬಾಗಿಲು ತೆಗೆದು ಹಾಕಿ ನೋಡು" ಎಂದು ಅಣ್ಣನ ಮಗನಿಗೆ ಹೇಳಿದರು. ಬಾಗಿಲು ಸರಾಗವಾಗಿ ತೆರೆದು ಕ್ಲಿಕ್ಕೆಂದು ಕೂತಿತು. ನನಗೆ ಅರ್ಥವಾಗದ್ದು ಕಂಡು ವಿವರಿಸಿದರು. ಈ ಕಾರಿಗೆ ಬೇರೆ ಛಾಸಿ ಇಲ್ಲ. ಮೇಲೆ ಗಟ್ಟಿ ಮಾಡೂ ಇಲ್ಲ. ಆದ್ದರಿಂದ ಇಡೀ ಭಾರ ತಡೆಯುವುದು ಬಾಗಿಲಿನ ಕೆಳಗೆ ಹಾಯುವ ಸಿಲ್ಲು, ಹಲವು ತಗಡು ಸೇರಿಸಿ ಬೆಸೆದ ಪೊಳ್ಳು ತೊಲೆ. ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲೆಂದು ಇಲ್ಲಿ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಸಿಲ್ಲಿನೊಳಗೆ ಕೂತು ತಗಡನ್ನು ತಿನ್ನುತ್ತದೆ. ಹೊರಗೆ ಬಣ್ಣ ಮಿರುಗುತ್ತಿದ್ದರೂ ಒಳಗೆ ತೊಲೆ ಟೊಳ್ಳಾಗಿರಬಹುದು. ಅಂಥ ಕಾರನ್ನು ಜ್ಯಾಕಿನಿಂದ ಎತ್ತಿದರೆ ನಡು ಬಾಗಿ ಬಾಗಿಲು ಹಿಡಿದುಕೊಳ್ಳುತ್ತದೆ. ಇದನ್ನು ಕೊಳ್ಳುವವನು ಕೇಳುವುದಕ್ಕೆ ಮುಂಚೆಯೇ ಮಾರುವವರು ಮಾಡಿ ತೋರಿಸಿದ್ದರು.

ಶೆಡ್ಡಿನಲ್ಲಿ ಸೇಬಿನ ಹಳೇ ಮರದ ಪೆಟ್ಟಿಗೆಯಿತ್ತು. ಅದರೊಳಗೆ ಕಾರಿನಿಂದ ಕತ್ತರಿಸಿ ತೆಗೆದ ಹಳೇ ಸಿಲ್ಲಿನ ತುಂಡುಗಳು. ಒಂದನ್ನು ನನ್ನ ಕೈಗಿಟ್ಟರು. ಒಂದಂಚು ಗಟ್ಟಿ ಉಕ್ಕು. ಇನ್ನೊಂದಂಚು ಪದರ ಪದರ ಬಿಟ್ಟು, ಬೆರಳು ತಾಗಿದರೆ ಕಂದುಪುಡಿ ಉದುರುತ್ತಿತ್ತು. ಆ ಪುಡಿಯ ನಡುವೆ ಕಾರ್ಖಾನೆಯಲ್ಲಿ ಹಾಕಿದ ಬೆಸುಗೆಯ ಚುಕ್ಕೆಗಳು ಮಾತ್ರ ಸಾಲಾಗಿ, ಗುಂಡಗೆ, ಹಾಗೇ ಉಳಿದಿದ್ದವು. ಅವುಗಳ ನಡುವಿನ ಅಂತರ ಅಳೆದುಕೊಂಡೇ ಹೊಸ ತಗಡಿಗೂ ಬೆಸುಗೆ ಹಾಕಿದರಂತೆ. "ಪೆಟ್ಟಿಗೆಯೂ ಕಾರಿನ ಜೊತೆ ಹೋಗುತ್ತದೆ" ಅಂದರು.

"ಪೂರ್ತಿ ಹೊಸ ಬಾಡಿಯೇ ಸಿಗುತ್ತಲ್ವಾ?" ಅಂತ ಅಣ್ಣನ ಮಗ ಕೇಳಿದ. ಸಿಗುತ್ತದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ತಂದು 1988ರಿಂದ ಎಂಜಿಬಿಯ ಹೊಸ ಬಾಡಿ ಮಾಡುತ್ತಿದೆ. ಈಗದು ಇದೇ ಜಿಲ್ಲೆಯ ವಿಟ್ನಿಯಲ್ಲಿದೆ. ಹಿರಿಯರು ಅದನ್ನು ಹಳಿಯಲಿಲ್ಲ. ಒಳ್ಳೆಯ ಬಾಡಿ, ಎಷ್ಟೋ ಕಾರುಗಳನ್ನು ಉಳಿಸಿದೆ ಅಂದರು. "ಆದರೆ ನನಗೆ ಚಳಿಗಾಲದ ಸಂಜೆಗಳು ಬೇಕಾದಷ್ಟಿದ್ದವು. ಉಳಿಯುವ ತಗಡನ್ನು ಯಾಕೆ ಎಸೆಯಲಿ?"

ಆಮೇಲೆ ಬಾನೆಟ್ ಎತ್ತಿದರು.

ಕಡುಗೆಂಪು ಬಣ್ಣದ ನಾಲ್ಕು ಸಿಲಿಂಡರಿನ ಇಂಜಿನ್. ಮೇಲೆ ಉದ್ದನೆಯ ಟ್ಯಾಪೆಟ್ ಕವರು, ಅದನ್ನು ಹಿಡಿದ ಎರಡು ನಟ್ಟು, ಎಣ್ಣೆ ಸುರಿಯುವ ಮುಚ್ಚಳ. ಒಂದು ಮಗ್ಗುಲಲ್ಲಿ ಗುಂಬಜಿನಂಥ ತಲೆಯ ಎಸ್‌ಯು ಕಾರ್ಬುರೇಟರು. ಇಲ್ಲಿ ಎರಡಿದ್ದವು. ಅಪ್ಪನ ಕಾರಿನಲ್ಲಿ ಒಂದಿತ್ತು. ಬೆಳಗಿನ ಜಾವ ಬಾಡಿಗೆಗೆ ಹೊರಡುವ ಮುಂಚೆ ಅಪ್ಪ ಆ ಗುಂಬಜಿನ ನೆತ್ತಿಯ ತಿರುಪು ಬಿಚ್ಚಿ, ಒಳಗಿನ ಕಡ್ಡಿ ಎತ್ತಿ, ತೆಳು ಎಣ್ಣೆ ಎರಡು ತೊಟ್ಟು ಬಿಟ್ಟು, ಕಡ್ಡಿಯನ್ನು ಮೆಲ್ಲಗೆ ಒತ್ತಿ ಬಿಗಿ ನೋಡುತ್ತಿದ್ದುದು ಕಣ್ಣಿಗೆ ಕಟ್ಟಿತು. ಆಗ ನನ್ನ ಕೆಲಸ ಟಾರ್ಚು ಹಿಡಿಯುವುದು.

"ಇದು ನಮ್ಮ ಅಂಬಾಸಿಡರ್ ಇಂಜಿನ್ನು!" ಅಂತ ಕನ್ನಡದಲ್ಲೇ ಕೂಗಿಬಿಟ್ಟೆ.

ಅಣ್ಣನ ಮಗ ಕಾಯುತ್ತಿದ್ದುದು ಇದಕ್ಕೇ. ಕಲ್ಕತ್ತೆಯ ಹತ್ತಿರ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ 2014ರವರೆಗೆ ಮಾಡಿದ ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಎಂಬುದು ಎಷ್ಟೋ ಜನಕ್ಕೆ ಗೊತ್ತು. ಅದರ 1489 ಸಿಸಿ ಪೆಟ್ರೋಲ್ ಇಂಜಿನ್ನೂ ಎಂಜಿಬಿಯ 1798 ಸಿಸಿ ಇಂಜಿನ್ನೂ ಒಂದೇ ಮನೆತನದವು ಎಂಬುದು ಅಷ್ಟಾಗಿ ಗೊತ್ತಿಲ್ಲ. ಆಸ್ಟಿನ್ ಮತ್ತು ಮಾರಿಸ್ ಕಂಪನಿಗಳು 1952ರಲ್ಲಿ ಒಂದಾದವು. ಆಸ್ಟಿನ್ನವರ ಬಿ ಸೀರೀಸ್ ಇಂಜಿನ್ ಆಮೇಲೆ ಇಬ್ಬರ ಕಾರಿಗೂ ಬಂತು. 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದು ಇದೇ 1489 ಸಿಸಿಯದು. ಅದನ್ನೇ ಹಿಗ್ಗಿಸಿ ಎಂಜಿಬಿಗೆ ಕೂರಿಸಿದರು. ಹಿರಿಯರಿಗೆ ಇದನ್ನೆಲ್ಲ ಹೇಳಬೇಕಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅಪ್ಪನ ಕಾರಿನ ಸಮಾಚಾರ. ಎಷ್ಟು ಮಂದಿ ಕೂರುತ್ತಿದ್ದಿರಿ? ಎಂಟು, ಮದುವೆ ದಿಬ್ಬಣವಾದರೆ ಹತ್ತು. ಯಾವ ರಸ್ತೆ? ಹಳೇಬೀಡಿಗೆ, ಹಾಸನದ ಆಸ್ಪತ್ರೆಗೆ, ತಿಪಟೂರಿನ ಕೊಬ್ಬರಿ ಮಂಡಿಗೆ. ಬೇಸಿಗೆಯಲ್ಲಿ ಬಿಸಿಯೇರುತ್ತಿರಲಿಲ್ಲವೆ? ಏರುತ್ತಿತ್ತು, ಕಾರ್ಬುರೇಟರಿಗೆ ಒದ್ದೆ ಬಟ್ಟೆ ಸುತ್ತಿ ಮತ್ತೆ ಹೊರಡುತ್ತಿದ್ದೆವು. ಅವರು ತಲೆದೂಗುತ್ತ, "ಕೆಲಸ ಅಂದರೆ ಅದು. ನನ್ನದು ಭಾನುವಾರದ ಇಂಜಿನ್" ಅಂದರು.

ಚಹಾಕ್ಕೆ ಕರೆದರು. ತಟ್ಟೆಯಲ್ಲಿ ಆ ಸೀಮೆಯ ಲಾರ್ಡಿ ಕೇಕ್ ಇತ್ತು, ಸಕ್ಕರೆಪಾಕ ಹೀರಿ ಹೊಳೆಯುತ್ತಿತ್ತು. ಅದಕ್ಕೆ ಹಂದಿಯ ಕೊಬ್ಬು ಹಾಕುತ್ತಾರೆಂದು ಅಣ್ಣನ ಮಗ ಮೆಲ್ಲಗೆ ಹೇಳಿದ. ನಾನು ಮಾಂಸ ತಿನ್ನದವಳೆಂದು ತಿಳಿದದ್ದೇ ಹಿರಿಯರು ತಟ್ಟೆ ಒಳಗಿಟ್ಟು, ಬ್ರೆಡ್ಡು ಸುಟ್ಟು, ತಾವೇ ಕಾಯಿಸಿದ ಕಿತ್ತಳೆ ಮಾರ್ಮಲೇಡ್ ತಂದಿಟ್ಟರು. ಜನವರಿಯಲ್ಲಿ ಸ್ಪೇನಿನ ಕಹಿ ಕಿತ್ತಳೆ ಬರುವ ಕೆಲವೇ ವಾರಗಳಲ್ಲಿ ವರ್ಷಕ್ಕಾಗುವಷ್ಟು ಮಾಡಿಡುತ್ತಾರಂತೆ. ಸಿಪ್ಪೆಯ ಕಹಿ ಮೊದಲು ನಾಲಗೆಗೆ ತಾಗಿ ಆಮೇಲೆ ಸಿಹಿ ಏಳುತ್ತಿತ್ತು. ನಾನು ಊರಿನಿಂದ ಒಯ್ದಿದ್ದ ಕೊಬ್ಬರಿ ಮಿಠಾಯಿ ಕೊಟ್ಟೆ. ಒಂದು ತಿಂದು, ಇನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

ಕಾರು ಓಡಿಸಿ ನೋಡಲು ಅವರು ಬರಲಾರರು. "ನಿನ್ನ ಅತ್ತೆಯನ್ನು ಕರೆದುಕೊಂಡು ಬೆಟ್ಟದವರೆಗೆ ಹೋಗಿ ಬಾ" ಎಂದು ಕೀಲಿ ಕೊಟ್ಟರು. ಸೀರೆಯುಟ್ಟು ಆ ಸೀಟಿಗೆ ಇಳಿಯುವುದು ಸುಲಭವಲ್ಲ. ಇಳಿದ ಮೇಲೆ ಮಾತ್ರ ಏಳುವ ಮನಸ್ಸಾಗದು. ಬೇಲಿಯ ಹೂಗಳು ಮೊಣಕೈ ಮಟ್ಟದಲ್ಲಿ ಹಾಯುತ್ತವೆ, ಉತ್ತ ಮಣ್ಣಿನ ವಾಸನೆ ನೇರ ಮೂಗಿಗೆ ಬರುತ್ತದೆ, ಗಾಳಿ ಕಿವಿಯಲ್ಲಿ ಮೊರೆಯುತ್ತದೆ. ವೇಗವೇನೂ ಹೆಚ್ಚಿರಲಿಲ್ಲ. ಹಿಂಬದಿಯ ಕಮಾನುಪಟ್ಟಿ ರಸ್ತೆಯ ಪ್ರತಿ ಉಬ್ಬನ್ನೂ ಬೆನ್ನಿಗೆ ತಿಳಿಸುತ್ತಿತ್ತು. ಕೆಳಗಿನ ಗೇರಿನಲ್ಲಿ ಏರು ಹತ್ತುವಾಗ ಹೊರಟ ಆ ಗಡಸು ದನಿ ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದು. ಹಬ್ಬದ ಹಿಂದಿನ ರಾತ್ರಿ ಬೀದಿ ತಿರುವಿನಲ್ಲಿ ಅದು ಕೇಳಿಸಿದರೆ ಅಮ್ಮ ಎದ್ದು ಒಲೆ ಹಚ್ಚುತ್ತಿದ್ದಳು.

ಬೆಟ್ಟದ ಮೇಲೆ ಅಫಿಂಗ್ಟನ್ನಿನ ಬಿಳಿಕುದುರೆ ಇದೆ. ಹುಲ್ಲಿನ ಹೊದಿಕೆ ಸುಲಿದು, ಹಳ್ಳ ತೋಡಿ, ಸುಣ್ಣಕಲ್ಲು ತುಂಬಿ ಬರೆದ, ನೂರು ಮೀಟರಿಗೂ ಉದ್ದದ ಓಡುವ ಕುದುರೆ. ಕಂಚಿನ ಯುಗದ ಕೊನೆಗೋ ಕಬ್ಬಿಣ ಯುಗದ ಮೊದಲಿಗೋ ಮಾಡಿದ್ದು, ಸುಮಾರು ಮೂರು ಸಾವಿರ ವರ್ಷ ಹಳೆಯದೆಂದು ಮಣ್ಣು ಪರೀಕ್ಷಿಸಿದವರು ಹೇಳಿದ್ದಾರೆ. ಹತ್ತಿರ ಹೋದರೆ ಕುದುರೆ ಕಾಣುವುದಿಲ್ಲ, ಹುಲ್ಲಿನ ನಡುವೆ ಬಾಗುತ್ತ ಹೋಗುವ ಬಿಳಿ ಪಟ್ಟಿಗಳಷ್ಟೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ವಯಸ್ಸಲ್ಲ. ಕೆಲವು ವರ್ಷ ಕೈಬಿಟ್ಟರೆ ಸಾಕು, ಹುಲ್ಲು ಕವಿದು ಅದು ಮಾಯವಾಗುತ್ತದೆ. ಆದ್ದರಿಂದ ಸುತ್ತಲಿನ ಊರಿನವರು ತಲೆತಲಾಂತರದಿಂದ ಕಳೆ ಕಿತ್ತು, ಹೊಸ ಸುಣ್ಣಕಲ್ಲು ಕುಟ್ಟುತ್ತಲೇ ಬಂದಿದ್ದಾರೆ. ಈಗಲೂ ಬೇಸಿಗೆಯಲ್ಲಿ ಸ್ವಯಂಸೇವಕರು ಮೊಣಕಾಲೂರಿ ಸುತ್ತಿಗೆ ಹಿಡಿದು ಅದನ್ನೇ ಮಾಡುತ್ತಾರೆ. ನಾನು ಕಂಡ ಬಿಳುಪು ಈಚಿನದು, ಕುದುರೆ ಮಾತ್ರ ಅದೇ. ಎಷ್ಟು ಭಾಗ ಅಸಲಿ ಎಂದು ಕಾರಿನ ಬಗ್ಗೆ ನನ್ನ ಮನಸ್ಸಿನಲ್ಲಿ ಎದ್ದಿದ್ದ ಪ್ರಶ್ನೆಯನ್ನು ಅಲ್ಲೇ ಬಿಟ್ಟೆ.

ಆದರೆ ಇನ್ನೊಂದು ಪ್ರಶ್ನೆ ಹಿಡಿದುಕೊಂಡಿತು. ಅಪ್ಪ ತೀರಿಕೊಂಡ ಮೇಲೆ ಅವರ ಅಂಬಾಸಿಡರನ್ನು ಬಿಚ್ಚಿ ಮಾರಿದರು. ಇಂಜಿನ್ನಿನ ಹೆಡ್ಡು ಬಾಣಾವರದ ಟ್ಯಾಕ್ಸಿಗೆ ಹೋಯಿತು, ಗೇರ್‌ಬಾಕ್ಸು ಕಡೂರಿಗೆ, ಬಾಗಿಲೆರಡು ಯಾರದೋ ಮದುವೆ ಬಾಡಿಗೆಯ ಕಾರಿಗೆ. ಒಂದು ಕಡೆ ನೂರಾರು ಬಿಡಿಭಾಗ ಬಂದು ಸೇರಿ ಒಂದು ಕಾರು ಇಡಿಯಾಗಿ ಉಳಿಯಿತು. ಇನ್ನೊಂದು ಕಡೆ ಒಂದು ಕಾರು ಬಿಡಿಬಿಡಿಯಾಗಿ ಹಂಚಿಹೋಗಿ ಹತ್ತು ಕಾರುಗಳನ್ನು ಓಡಿಸಿತು. ಇಂಗ್ಲೆಂಡಿನಲ್ಲಿ 40 ವರ್ಷ ದಾಟಿದ ಇಂಥ ಕಾರಿಗೆ ರಸ್ತೆ ತೆರಿಗೆಯಿಲ್ಲ. ನಮ್ಮಲ್ಲೂ 50 ದಾಟಿದವನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ 2021ರಲ್ಲಿ ಬಂದಿದೆ. ಬಾಡಿಗೆಗೆ ದುಡಿಯುವ ಕಾರು ಅಲ್ಲಿಯವರೆಗೆ ಬಾಳುವುದು ಎಲ್ಲಿ? ಅಪ್ಪನ ಕಾರು ಉಳಿಯಲಿಲ್ಲವೆಂದು ನನಗೆ ಕೊರಗಿಲ್ಲ. ಅದು ಗರ್ಭಿಣಿಯರನ್ನು ಆಸ್ಪತ್ರೆಗೆ ಮುಟ್ಟಿಸಿದೆ. ಉಳಿಸುವುದಕ್ಕಿರುವ ಗೌರವ ದುಡಿದು ಸವೆದದ್ದಕ್ಕೂ ಸಲ್ಲಬೇಕು ಎಂಬುದು ನನ್ನ ಹಟ. ಹಿರಿಯರು ಕೇಳದೆಯೇ ಆ ಗೌರವ ಕೊಟ್ಟಿದ್ದರು.

ಹಿಂತಿರುಗಿದಾಗ ಅವರು ಗೇಟಿನ ಬಳಿಯೇ ನಿಂತಿದ್ದರು. "ಚರ್ಚಿನ ತಿರುವಿನಲ್ಲಿ ಮೂರನೇ ಗೇರು ಬೇಗ ಹಾಕಿದೆ" ಎಂದು ಅಣ್ಣನ ಮಗನಿಗೆ ಹೇಳಿದರು. ಅಷ್ಟು ದೂರದಿಂದ ಸದ್ದು ಕೇಳಿಯೇ ತಿಳಿದದ್ದು.

ಚಿಕ್ಕವಳಿದ್ದಾಗ ಬೂಕನಬೆಟ್ಟದ ದನಗಳ ಜಾತ್ರೆಗೆ ತಾತನ ಜೊತೆ ಹೋಗುತ್ತಿದ್ದೆ. ಹಳ್ಳಿಕಾರ್ ಜೋಡಿ ಮಾರುವವರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಅದಕ್ಕೂ ಮುಂಚೆ ಕೊಳ್ಳುವವನ ಊರಲ್ಲಿ ನೀರು ಹೇಗೆ, ಹುಲ್ಲು ಉಂಟೋ, ಹೊಲ ಕಲ್ಲುಭೂಮಿಯೋ ಎಂದು ವಿಚಾರಿಸುತ್ತಿದ್ದರು. ಇಲ್ಲೂ ಹಾಗೇ ಆಯಿತು. ನಿಲ್ಲಿಸಲು ಮಾಡು ಇರುವ ಜಾಗವಿದೆಯೆ? ಉಪ್ಪು ಹಾಕಿದ ರಸ್ತೆಗೆ ಒಯ್ಯುವುದಿಲ್ಲ ತಾನೆ? ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆಯುವುದು ಗೊತ್ತೆ? ಬಿಲ್ಲುಗಳೂ ಫೋಟೊಗಳೂ ತುಂಬಿದ ದಪ್ಪ ಕಡತ ಮೇಜಿನ ಮೇಲಿತ್ತು. ಕಾರಿಗೆ ಹಾಕಿದ ದುಡ್ಡೇ ಮಾರಿದರೆ ಬರುವುದಿಲ್ಲ, ದುಡಿಮೆಯ ಲೆಕ್ಕವಂತೂ ಯಾರೂ ಇಡುವುದಿಲ್ಲ. ಹಳೆಯ ಕಾರು ಕಟ್ಟುವ ಎಲ್ಲರಿಗೂ ಇದು ಗೊತ್ತಿರುವ ಸತ್ಯ.

ಒಂದು ಷರತ್ತು ಮಾತ್ರ ಹಾಕಿದರು. ಎರಡು ಕಾರ್ಬುರೇಟರನ್ನು ಹೊಂದಿಸುವುದನ್ನು ತಮ್ಮ ಮುಂದೆಯೇ ಕಲಿಯಬೇಕು. ಹೊರಗಿನ ಫಿಲ್ಟರು ಬಿಚ್ಚಿ, ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ತುಂಡೊಂದನ್ನು ಅಣ್ಣನ ಮಗನ ಕೈಗೆ ಕೊಟ್ಟರು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ. ಗಾಳಿ ಒಳಗೆಳೆಯುವ ಸುಯ್‌ಲು ಎರಡರಲ್ಲೂ ಒಂದೇ ಸಮ ಕೇಳಬೇಕು. ಒಂದು ಏರಿದ್ದರೆ ಅದರ ತಿರುಪನ್ನು ಕೂದಲೆಳೆಯಷ್ಟು ಇಳಿಸಬೇಕು, ಮತ್ತೆ ಕೇಳಬೇಕು. ಉಪಕರಣಗಳು ಅಂಗಡಿಯಲ್ಲಿ ಸಿಗುತ್ತವೆ, ಮೊದಲು ಕಿವಿ ಕಲಿಯಲಿ ಅಂದರು. ನನಗೂ ಪೈಪು ಕೊಟ್ಟರು. ಮುಂದಿನದು ನಿದ್ದೆಯ ಉಸಿರಿನಂತೆ ಸಮವಾಗಿತ್ತು, ಹಿಂದಿನದು ಕೊಂಚ ಒರಟು. ಹಾಗೆಂದೆ. ಅವರು ಅಣ್ಣನ ಮಗನ ಕಡೆ ತಿರುಗಿ, "ಇವರನ್ನೇ ಕೇಳಿ ಓಡಿಸು" ಅಂದರು. ಅಪ್ಪ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ ಬೇರಿಂಗಿನ ಸದ್ದು ಹಿಡಿಯುತ್ತಿದ್ದುದನ್ನು ಹೇಳಿದೆ. ಅವರು ಒಳಗೆ ಹೋಗಿ ತಮ್ಮ ಸ್ಕ್ರೂಡ್ರೈವರ್ ತಂದು ತೋರಿಸಿದರು. ಮರದ ಹಿಡಿ, ಕಿವಿ ತಾಗಿದ ಕಡೆ ನುಣುಪಾಗಿತ್ತು.

ಕಾರು ಅಣ್ಣನ ಮಗನದಾಯಿತು. ಸೇಬಿನ ಪೆಟ್ಟಿಗೆಯೂ ಬಂತು.

ಊರಿಗೆ ಬಂದು ಎಷ್ಟೋ ದಿನವಾದರೂ ಆ ಸುಯ್‌ಲು ಕಿವಿ ಬಿಡಲಿಲ್ಲ. ಅಪ್ಪನ ಕೈಕೆಳಗೆ ಕೆಲಸ ಕಲಿತ ಹುಡುಗ, ಈಗ ಅರವತ್ತು ದಾಟಿದ ಮೆಕ್ಯಾನಿಕ್, ಅರಸೀಕೆರೆಯಲ್ಲಿ ಈಗಲೂ ಗ್ಯಾರೇಜು ಇಟ್ಟಿದ್ದಾನೆ. ಅಲ್ಲಿಗೆ ಹೋಗಿ ಫೋನಿನಲ್ಲಿದ್ದ ವಿಡಿಯೊ ಹಾಕಿದೆ. ಚಿತ್ರ ನೋಡದೆ ಫೋನನ್ನು ಕಿವಿಗಿಟ್ಟುಕೊಂಡ. "ಟ್ಯಾಪೆಟ್ ಸದ್ದು ಸರಿಯಾಗಿದೆ ಅಕ್ಕ. ಸದ್ದು ಬರ್ತಿದೆ ಅಂತ ಬಿಗಿ ಮಾಡೋಕೆ ಹೋಗ್ಬೇಡ ಅನ್ನಿ ಅವ್ನಿಗೆ, ವಾಲ್ವು ಸುಟ್ಟೋಗತ್ತೆ." ಆಮೇಲೆ ಚಿತ್ರ ನೋಡಿದ. ಟ್ಯಾಪೆಟ್ ಕವರಿನ ಅಂಚಿನಲ್ಲಿ ಎಣ್ಣೆ ಜಿನುಗಿದ್ದ ಗೆರೆಯನ್ನು ಬೆರಳಿಟ್ಟು ತೋರಿಸಿದ. ನಾನು ಅದನ್ನು ಗಮನಿಸಿರಲಿಲ್ಲ.

ಒಳಗಿನ ಗೂಡಿನಿಂದ ಧೂಳು ಹಿಡಿದ ಪೊಟ್ಟಣ ತೆಗೆದ. ಅಂಬಾಸಿಡರಿನ ಕಾರ್ಕ್ ಗ್ಯಾಸ್ಕೆಟ್ಟುಗಳು, ಬಳಸದೇ ಉಳಿದವು. ಒಂದನ್ನು ಬಾಗಿಸಿ ನೋಡಿದ, ಬಿರಿಯಲಿಲ್ಲ. "ಹೆಡ್ಡು ಅದೇ ಥರ ಕಾಣತ್ತೆ. ಕೂತ್ರೂ ಕೂತೀತು, ಕಳ್ಸಿ ನೋಡಿ" ಎಂದು ಮುರಿಯದ ಹಾಗೆ ಎರಡು ರಟ್ಟಿನ ನಡುವೆ ಇಟ್ಟು ದಾರ ಸುತ್ತತೊಡಗಿದ. ದುಡ್ಡು ಎಷ್ಟೆಂದು ಕೇಳಿದೆ. "ಮೇಷ್ಟ್ರ ಮೊಮ್ಮಗನ ಹತ್ರಾನಾ?" ಅಂದ. ಅಂಚೆ ಕಚೇರಿ ಮುಚ್ಚುವ ಹೊತ್ತಾಗಿತ್ತು, ಬೇಗ ಹೋಗಿ ಎಂದು ಪೊಟ್ಟಣವನ್ನು ನನ್ನ ಕೈಗೆ ಕೊಟ್ಟ.